ಹಸಿ ಕೆಲಸ, ಉಪ್ಪಿನ ಕೆಲಸ

ಅಂಕೋಲೆಯ ಹತ್ತಿರ ಬೊಬ್ರುವಾಡದ ನಮ್ಮ ಮನೆಯಲ್ಲಿ ಒಂದೇ ಒಂದು ಕೊಂಕಣಿ ಶಬ್ದ ಬಳಕೆಯಲ್ಲಿತ್ತು. ಆಯಿ, ಅಂದರೆ ನನ್ನ ತಾಯಿ, ಮದುವೆಯಾಗಿ ಕಡಲದಂಡೆಯ ಮಾಜಾಳಿಯಿಂದ ಬರುವಾಗ ಒಂದು ಟ್ರಂಕು, ಒಂದು ದೊಡ್ಡ ಭರಣಿ ಮತ್ತು ತನ್ನ ಭಾಷೆಯನ್ನು ತಂದಿದ್ದಳಂತೆ. ಟ್ರಂಕು ಒಳಗಿನ ಕೋಣೆಗೆ ಹೋಯಿತು, ಭರಣಿ ಅಡಿಗೆಮನೆಯ ಮೂಲೆಗೆ ಹೋಯಿತು, ಭಾಷೆಯನ್ನು ಅಜ್ಜಿ ಜಗಲಿಯಲ್ಲೇ ತಡೆದಳು. ಅಜ್ಜಿ ಎಂದರೆ ಅಪ್ಪನ ತಾಯಿ. ಮನೆ ಅವಳದು, ಗದ್ದೆ ಅವಳ ಗಂಡ ಬಿಟ್ಟುಹೋದದ್ದು, ಹಾಗಾಗಿ ಮನೆಯೊಳಗಿನ ಮಾತೂ ತನ್ನದೇ ಇರಬೇಕೆಂಬುದು ಅವಳ ಮಟ್ಟಿಗೆ ನ್ಯಾಯವಾದ ಬೇಡಿಕೆ. ಆಯಿ ವರ್ಷದೊಳಗೆ ನಮ್ಮ ಕಡೆಯ ಕನ್ನಡ ಕಲಿತಳು. ಆದರೂ ಒಂದು ಶಬ್ದ ಅವಳ ನಾಲಗೆಯಿಂದ ಕಳಚಲಿಲ್ಲ. ಅದು ಮಾಗಿರ್. ಆಮೇಲೆ ಎಂದು ಅರ್ಥ. ಯಾವುದಾದರೂ ಕೆಲಸ ಹೇಳಿದರೆ ಆಯಿ ತಲೆ ಎತ್ತದೆ, ಕೈಯಲ್ಲಿದ್ದದ್ದನ್ನು ಬಿಡದೆ, ಮಾಗಿರ್ ಎನ್ನುತ್ತಿದ್ದಳು. ಅಜ್ಜಿಯ ಕಿವಿಗೆ ಅದು ಮಾಡುವುದಿಲ್ಲ ಎಂದೇ ಬೀಳುತ್ತಿತ್ತು.

"ಮಾಗಿರ್ ಅಂದ್ರೆ ಯಾವಾಗ? ಚೌತಿಗಾ, ದೀಪಾಳಿಗಾ?"

"ಇದೊಂದು ಮುಗೀಲಿ ಅತ್ತೆ. ಮಾಗಿರ್ ಅದು."

"ಇದ್ರ ಬಾಯಲ್ಲಿ ಮತ್ತೊಂದು ಶಬ್ದ ಇಲ್ಲ," ಎಂದು ಅಜ್ಜಿ ಗೋಡೆಗೆ ಹೇಳುತ್ತಿದ್ದಳು. ನೆರೆಮನೆಯ ಗಿರಿಜಕ್ಕನ ಎದುರು ಸೊಸೆಯ ಸುದ್ದಿ ಬಂದಾಗಲೂ ಹೆಸರು ಹೇಳುತ್ತಿರಲಿಲ್ಲ. ಮೂಗಿನಿಂದ ಎಳೆದು "ನಮ್ಮನಿ ಮಾಗೀರು" ಎನ್ನುತ್ತಿದ್ದಳು. ಗಿರಿಜಕ್ಕ ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಆಯಿಗೆ ಅದು ಹಿತ್ತಿಲಿನವರೆಗೆ ಕೇಳಿಸುತ್ತಿತ್ತು ಎಂಬುದರಲ್ಲಿ ನನಗೆ ಈಗ ಸಂಶಯವಿಲ್ಲ.

ಇಬ್ಬರ ನಡುವಿನ ಜಗಳ ಕೆಲಸದ್ದು ಎಂದು ಆಗ ತಿಳಿದಿದ್ದೆ. ನಿಜದಲ್ಲಿ ಅದು ಹೊತ್ತಿನದು. ಗದ್ದೆಯ ಮನೆಯಲ್ಲಿ ಹುಟ್ಟಿ ಗದ್ದೆಯ ಮನೆಗೆ ಬಂದ ಅಜ್ಜಿಗೆ ಕೆಲಸಕ್ಕೆ ಒಂದು ಸಾಲು ಇತ್ತು. ಬೆಳಕು ಹರಿಯುವ ಮೊದಲು ಅಂಗಳ, ಬೆಳಕು ಹರಿದ ಮೇಲೆ ಕೊಟ್ಟಿಗೆ, ಬಿಸಿಲು ಜಗಲಿಯ ಮೆಟ್ಟಿಲಿಗೆ ಬರುವುದರೊಳಗೆ ಪಾತ್ರೆ, ಬಾವಿಕಟ್ಟೆಗೆ ಬರುವುದರೊಳಗೆ ಬಟ್ಟೆ. ಸಾಲು ತಪ್ಪಿದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಆಯಿ ಹುಟ್ಟಿದ ಮನೆಯಲ್ಲಿ ಸಾಲು ಎಂಬುದೇ ಇರಲಿಲ್ಲ. ದೋಣಿ ಬಂದಾಗ ಕೆಲಸ, ಬಾರದಿದ್ದರೆ ಇಲ್ಲ. ದೋಣಿ ಬಂದರೆ ಊಟಕ್ಕೆ ಕೂತವರೂ ತಟ್ಟೆ ಬಿಟ್ಟು ಏಳಬೇಕು. ಮದುವೆಯ ಹೊಸದರಲ್ಲಿ ಆಯಿ ಬೆಳಗಿನ ಹೊತ್ತು ಹಿತ್ತಿಲ ಕಲ್ಲಿನ ಮೇಲೆ ಸುಮ್ಮನೆ ಕೂತಿರುತ್ತಿದ್ದಳೆಂದು ಅಪ್ಪ ಹೇಳುತ್ತಿದ್ದ. ಏನು ಮಾಡ್ತಿದ್ದೀ ಎಂದು ಕೇಳಿದರೆ ಏನೂ ಇಲ್ಲ ಎನ್ನುತ್ತಿದ್ದಳಂತೆ. ಬೊಬ್ರುವಾಡದ ಹಿತ್ತಿಲಿಗೆ ದೋಣಿ ಬರುವುದಿಲ್ಲವೆಂದು ಅವಳ ಮೈಗೆ ಗೊತ್ತಾಗಲು ಕೆಲವು ತಿಂಗಳು ಬೇಕಾಯಿತು.

ಮನೆಯಲ್ಲಿ ನಿಜವಾದ ಸೋಮಾರಿ ಎಂದರೆ ನಾನು. ಆಯಿಯ ಶಬ್ದವನ್ನು ಎತ್ತಿಕೊಂಡೆ, ಅದರ ಹಿಂದಿನದನ್ನು ಅಲ್ಲೇ ಬಿಟ್ಟೆ. ಹತ್ತು ತುಂಬುವ ಹೊತ್ತಿಗೆ ನನಗೆ ಗೊತ್ತುಪಡಿಸಿದ ಕೆಲಸಗಳಿದ್ದವು. ಶಾಲೆಯಿಂದ ಬಂದ ಮೇಲೆ ಮಧ್ಯಾಹ್ನದ ಪಾತ್ರೆ, ಸಂಜೆ ತಂತಿಯ ಮೇಲಿನ ಬಟ್ಟೆ, ಕರೆಂಟು ಹೋದರೆ ಬೇಕೆಂದು ದಿನಕ್ಕೊಮ್ಮೆ ಚಿಮಣಿಯ ಗಾಜು ಒರೆಸುವುದು, ಬೇಸಗೆಯಲ್ಲಿ ಒಣಹಾಕಿದ ಮೆಣಸು ಮತ್ತು ಹುಳಿಗೆ ಬೇಕಾದ ಮುರುಗಲ ಸಿಪ್ಪೆಯನ್ನು ಇಬ್ಬನಿಗೆ ಮೊದಲು ಒಳಗೆ ತರುವುದು. ಇಷ್ಟನ್ನು ಮಾಡಲು ಒಂದು ಗಂಟೆ ಸಾಕು. ಮಾಡದೆ ಇರಲು ನನಗೆ ಇಡೀ ಸಂಜೆ ಹಿಡಿಯುತ್ತಿತ್ತು. ಪಾತ್ರೆಯ ರಾಶಿಯ ಎದುರು ಕೂತು ತೆಂಗಿನ ನಾರನ್ನು ಎಳೆ ಎಳೆ ಬಿಡಿಸುತ್ತಿದ್ದೆ. ಒಂದು ಲೋಟ ತೊಳೆದು ಅದರಲ್ಲಿ ನೀರು ಕುಡಿಯುತ್ತಿದ್ದೆ, ಹಾಗಾಗಿ ಅದನ್ನು ಮತ್ತೆ ತೊಳೆಯಬೇಕಾಗುತ್ತಿತ್ತು. ಬಟ್ಟೆ ತರಲು ಹೋದವಳು ಗೇರುಮರದ ಕೊಂಬೆಯ ಮೇಲೆ ಸಿಗುತ್ತಿದ್ದೆ. ಕರೆದರೆ ನನ್ನ ಬಾಯಲ್ಲೂ ಅದೇ ಶಬ್ದ. ಅಜ್ಜಿ ಆಗ ಆಯಿಯ ಕಡೆ ನೋಡಿ, ನನ್ನನ್ನು ಬೈಯುವ ಬದಲು ಅವಳನ್ನು ಬೈಯುತ್ತಿದ್ದಳು.

ಆಯಿ ಬೈಯುವವಳಲ್ಲ. ಒಂದು ಸಂಜೆ ಪಾತ್ರೆಕಲ್ಲಿನ ಹತ್ತಿರ ಬಂದು ನನ್ನ ಪಕ್ಕ ಕೂತಳು. ಆ ದಿನ ಮೀನು ಮಾಡಿದ್ದ ಮಣ್ಣಿನ ಗಡಿಗೆಗೆ ಇರುವೆ ಹತ್ತಿತ್ತು, ಗಂಜಿಯ ಪಾತ್ರೆ ಒಣಗಿ ಕಲ್ಲಾಗಿತ್ತು. ಮಾಜಾಳಿಯ ದಂಡೆಯಲ್ಲಿ ಬಲೆ ಬಿಡಿಸಿದ ಮೇಲೆ ಹೆಂಗಸರು ಮೊದಲು ಏನು ಮಾಡುತ್ತಾರೆ ಗೊತ್ತೇ ಎಂದು ಕೇಳಿದಳು. ಮೀನನ್ನು ಎರಡು ರಾಶಿ ಮಾಡುತ್ತಾರಂತೆ. ಈಗಲೇ ಹೋಗಬೇಕಾದದ್ದು ಒಂದು ಕಡೆ, ಉಪ್ಪು ಹಾಕಿ ಇಡಬಹುದಾದದ್ದು ಇನ್ನೊಂದು ಕಡೆ. ದೊಡ್ಡದು ಸಣ್ಣದು ಎಂದು ನೋಡುವುದಿಲ್ಲ, ಮೊದಲು ಕೊಳೆಯುವುದು ಯಾವುದು ಎಂದು ನೋಡುತ್ತಾರೆ.

"ಮನಿ ಕೆಲಸನೂ ಅಷ್ಟೇ ಮಗಳೇ. ಕೆಲವು ಹಸಿ ಕೆಲಸ, ಕೆಲವು ಉಪ್ಪಿನ ಕೆಲಸ. ಮೀನಿನ ಗಡಿಗೆ ಹಸಿ. ಅದ್ಕೆ ಮಾಗಿರ್ ಇಲ್ಲ. ಗಂಜಿ ಪಾತ್ರೆ ಉಪ್ಪಿಂದು."

"ಅಂದ್ರೆ ಅದನ್ನ ನಾಳೆ ತೊಳಿಬಹುದಾ?"

"ಉಪ್ಪು ಹಾಕಿದ್ರೆ ನಾಳೆ. ನೀರು ಹಾಕಿ ನೆನೆಸು, ಅದೇ ಅದ್ರ ಉಪ್ಪು. ಉಪ್ಪು ಹಾಕ್ದೇ ಮಾಗಿರ್ ಅಂದ್ರೆ ಅದು ಕೊಳಿತದೆ ಅಷ್ಟೇ."

ಆಯಿ ಇಡೀ ಮನೆಯನ್ನು ಹೀಗೆ ನಡೆಸುತ್ತಿದ್ದಳೆಂದು ಆಮೇಲೆ ಗಮನಿಸಿದೆ. ಅವಳು ಮುಂದೂಡಿದ ಪ್ರತಿಯೊಂದು ಕೆಲಸಕ್ಕೂ ಮೊದಲು ಏನೋ ಒಂದು ಮಾಡಿಟ್ಟಿರುತ್ತಿದ್ದಳು. ಹೊಲಿಯಬೇಕಾದ ಅಂಗಿಗೆ ಸೂಜಿ ಚುಚ್ಚಿಟ್ಟಿರುತ್ತಿದ್ದಳು. ಒಡೆಯಬೇಕಾದ ಕಟ್ಟಿಗೆ ಕತ್ತಿಯ ಪಕ್ಕಕ್ಕೆ ಬಂದಿರುತ್ತಿತ್ತು. ಅಜ್ಜಿಗೆ ಕಾಣುತ್ತಿದ್ದದ್ದು ಮುಗಿಯದ ಕೆಲಸ ಮಾತ್ರ. ಅವಳ ಸಾಲಿನಲ್ಲಿ ಅರ್ಧ ಎಂಬುದಕ್ಕೆ ಜಾಗವಿರಲಿಲ್ಲ.

ನನಗೆ ಈ ಪಾಠ ಬಹಳ ಹಿಡಿಸಿತು, ಏಕೆಂದರೆ ಅದರಲ್ಲಿ ನುಸುಳಲು ಒಂದು ಕಂಡಿ ಇತ್ತು. ಅಂದಿನಿಂದ ಎಲ್ಲ ಕೆಲಸವನ್ನೂ ಉಪ್ಪಿನ ಕೆಲಸ ಮಾಡಿಬಿಟ್ಟೆ. ಪಾತ್ರೆಯ ರಾಶಿಗೆ ಒಂದು ಕೊಡ ನೀರು ಸುರುವಿ ಓಡುತ್ತಿದ್ದೆ. ಅಂಗಳದಲ್ಲಿ ಕಸಬರಿಗೆ ಒರಗಿಸಿ ಇಟ್ಟರೆ ಗುಡಿಸಿದ ಅರ್ಧ ಪುಣ್ಯ ಬಂತೆಂದು ತಿಳಿಯುತ್ತಿದ್ದೆ. ಅಜ್ಜಿ ಕೂಗಿದರೆ "ಉಪ್ಪು ಹಾಕಿದ್ದೆ" ಎನ್ನುತ್ತಿದ್ದೆ. ಅಜ್ಜಿಗೆ ಅದೇನೆಂದು ಅರ್ಥವಾಗದೆ, ಇದೂ ಮಾಜಾಳಿಯ ಮಾತೇ ಇರಬೇಕೆಂದು ಮತ್ತೆ ಆಯಿಗೇ ಬೈಗುಳ.

ಆಯಿಗೆ ಈ ಮನೆಯಲ್ಲಿ ಮರ್ಯಾದೆ ಇದ್ದದ್ದು ಒಂದೇ ಜಾಗದಲ್ಲಿ, ಅವಳು ತಂದ ಆ ಭರಣಿಯಲ್ಲಿ. ಮಳೆಗಾಲಕ್ಕೆ ಮೊದಲು ಆಯಿ ಎಂಟು ದಿನ ತೌರಿಗೆ ಹೋಗುತ್ತಿದ್ದಳು. ಬರುವಾಗ ಬಂಗಡೆ ಬರುತ್ತಿತ್ತು. ಅವಳು ಒಂದೊಂದರ ಹೊಟ್ಟೆ ಸೀಳಿ, ಕರುಳು ಕಿವಿರು ತೆಗೆದು, ತೊಳೆದು, ಒಳಗೂ ಹೊರಗೂ ಹರಳುಪ್ಪು ತಿಕ್ಕಿ, ಭರಣಿಯಲ್ಲಿ ಒಂದು ಸಾಲು ಮೀನು ಒಂದು ಸಾಲು ಉಪ್ಪು ಎಂದು ಜೋಡಿಸಿ, ಮೇಲೆ ಕಲ್ಲು ಹೇರಿ, ಬಟ್ಟೆ ಕಟ್ಟಿ ಇಡುತ್ತಿದ್ದಳು. ನಾಲ್ಕನೆಯ ದಿನ ಬಿಟ್ಟ ನೀರನ್ನು ಬಸಿದು ಎರಡನೆಯ ಉಪ್ಪು. ದೋಣಿಗಳು ದಂಡೆಗೆ ಹತ್ತಿ, ಅಂಕೋಲೆಯ ಮೀನುಪೇಟೆ ಖಾಲಿಯಾಗಿ, ಸೊಪ್ಪು ತರಕಾರಿಗೂ ಬರ ಬಂದ ಆಷಾಢದಲ್ಲಿ ಆ ಭರಣಿಯ ಬಾಯಿ ತೆರೆಯುತ್ತಿತ್ತು. ಕೆಂಡದ ಮೇಲೆ ಸುಟ್ಟ ಉಪ್ಪುಬಂಗಡೆ, ಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆ, ಜತೆಗೆ ಕುಚ್ಚಲಕ್ಕಿ ಗಂಜಿ. ಅಜ್ಜಿ ಎರಡನೆಯ ಸಲ ಗಂಜಿ ಹಾಕಿಸಿಕೊಳ್ಳುತ್ತಿದ್ದದ್ದು ಆ ದಿನಗಳಲ್ಲಿ ಮಾತ್ರ. ಗಿರಿಜಕ್ಕ ಬಟ್ಟಲು ಹಿಡಿದು ಬಂದರೆ ಅಜ್ಜಿ ಗತ್ತಿನಿಂದ "ನಮ್ಮ ಸೊಸೆ ಹಾಕಿದ್ದು" ಎನ್ನುತ್ತಿದ್ದಳು. ಮಾಗೀರು ಎನ್ನುತ್ತಿರಲಿಲ್ಲ.

ನನಗೆ ಹದಿಮೂರಾದ ಬೇಸಗೆಯಲ್ಲಿ ಲೆಕ್ಕ ತಪ್ಪಿತು. ಮಾಜಾಳಿಯಲ್ಲಿ ನನ್ನ ಸೋದರಮಾವನ ಹೆಂಡತಿ ಮಾಮಿಯ ಹೆರಿಗೆ ತಡವಾಯಿತು, ಆಯಿ ಅಲ್ಲೇ ಉಳಿದಳು, ಮೀನು ಮಾತ್ರ ಬಂತು. ಅಂಕೋಲೆಗೆ ಬರುವ ಮೀನಿನ ಟೆಂಪೋದಲ್ಲಿ ಮಾಮಾ ಒಂದು ಬುಟ್ಟಿ ಬಂಗಡೆ ಕಳಿಸಿದ್ದ. ಆ ಹಂಗಾಮಿನ ಕೊನೆಯ ಮೀನು. ಅಪ್ಪ ಅದನ್ನು ಸೈಕಲ್ಲಿನ ಹಿಂದೆ ಕಟ್ಟಿ ತಂದು ಹಿತ್ತಿಲಲ್ಲಿ ಇಳಿಸಿ, ಕತ್ತಲಾಗುವುದರೊಳಗೆ ಸೀಳಿ ಉಪ್ಪು ಹಾಕಬೇಕಂತೆ ಎಂದು ಹೇಳಿ ಮತ್ತೆ ಕೆಲಸಕ್ಕೆ ಹೋದ. ಅಜ್ಜಿಯ ಬೆರಳ ಗಂಟುಗಳು ಊದಿದ್ದವು, ಕತ್ತಿ ಹಿಡಿಯಲು ಬರುತ್ತಿರಲಿಲ್ಲ.

"ಬತ್ತದಾ ನಿಂಗೆ? ಇಲ್ದಿದ್ರೆ ಗಿರಿಜನ್ನ ಕರಿತೆ."

"ಬತ್ತದೆ. ಎರಡು ವರ್ಷ ಆಯಿ ಸಂಗ್ತಿಗೆ ಕೂತು ಮಾಡಿದ್ದೆ."

ಅದು ನಿಜವೇ ಆಗಿತ್ತು. ಆಯಿಯ ಪಕ್ಕ ಕೂತು ಉಪ್ಪು ತಿಕ್ಕಿದ್ದೆ, ನಾಲ್ಕಾರು ಮೀನು ಸೀಳಿಯೂ ಇದ್ದೆ. ಬುಟ್ಟಿಯ ಎದುರು ಕೂತಾಗ ಹೊತ್ತು ಇನ್ನೂ ಬೇಕಾದಷ್ಟು ಇತ್ತು. ಗಿರಿಜಕ್ಕನ ಮನೆಯ ಟೀವಿಗೆ ಆ ತಿಂಗಳಷ್ಟೇ ಡಿಶ್ ಬಂದಿತ್ತು, ಮಧ್ಯಾಹ್ನದ ಸಿನಿಮಾ ಶುರುವಾಗುವ ಹೊತ್ತು. ನಾನು ಯೋಚನೆ ಮಾಡಿದೆ. ಉಪ್ಪು ಹಾಕಿದ್ದಕ್ಕೆ ಮಾಗಿರ್ ಉಂಟು ಎಂದು ಆಯಿಯೇ ಹೇಳಿದ್ದಳು. ಎರಡು ಬೊಗಸೆ ಹರಳುಪ್ಪನ್ನು ಬುಟ್ಟಿಯ ಮೇಲೆ ಉದುರಿಸಿ, ಬಾಳೆಲೆ ಮುಚ್ಚಿ, ಬೆಕ್ಕು ಬಾರದಂತೆ ಮೇಲೊಂದು ಹಲಗೆ ಇಟ್ಟು, ಬೇಲಿ ದಾಟಿದೆ. ಸಿನಿಮಾ ಮುಗಿದ ಮೇಲೆ ಅದರ ಹಿಂದೆ ಹಾಡುಗಳು ಬಂದವು. ವಾಪಸು ಬಂದಾಗ ಅಜ್ಜಿ ತುಳಸಿಯ ಮುಂದೆ ದೀಪ ಇಡುತ್ತಿದ್ದಳು. ಎಲೆ ತೆಗೆದು ಬಂಗಡೆಯನ್ನು ಮುಟ್ಟಿದರೆ ಹೊಟ್ಟೆ ಮೆತ್ತಗಾಗಿತ್ತು. ಕತ್ತಿ ಇಟ್ಟ ಮೊದಲನೆಯ ಮೀನು ಕೈಯಲ್ಲೇ ಹರಿದುಹೋಯಿತು. ಸಣ್ಣ ಪೇಡಿಮೀನಿಗೆ ಆಯಿ ಹೊಟ್ಟೆ ಸೀಳದೆ ಇಡಿಯಾಗಿ ಉಪ್ಪು ಹಾಕುವುದನ್ನು ನೋಡಿದ್ದೆ. ಪೇಡಿಗೆ ಬೇಡದ್ದು ಬಂಗಡೆಗೆ ಯಾಕೆ ಬೇಕು ಎಂದು ಅಷ್ಟನ್ನೂ ಇಡಿಯಾಗಿ ಭರಣಿಗೆ ಇಳಿಸಿದೆ. ಉಪ್ಪು ಮಾತ್ರ ಧಾರಾಳ ಹಾಕಿದೆ. ಕಲ್ಲು ಹೇರಿ ಬಟ್ಟೆ ಕಟ್ಟಿದ ಮೇಲೆ ಹೊರಗಿನಿಂದ ನೋಡಿದರೆ ಅದು ಆಯಿ ಕಟ್ಟಿದ ಭರಣಿಯಂತೆಯೇ ಇತ್ತು. ನಾಲ್ಕನೆಯ ದಿನ ನೀರು ಬಸಿಯಲಿಲ್ಲ. ಬಟ್ಟೆ ಸ್ವಲ್ಪ ಸರಿಸಿ ಒಂದು ಮುಷ್ಟಿ ಉಪ್ಪು ಎಸೆದು ಮತ್ತೆ ಕಟ್ಟಿದೆ.

ಆಯಿ ಬಂದದ್ದು ಮೊದಲ ಮಳೆಯ ದಿನ. ಕಾಲು ತೊಳೆದು ಒಳಗೆ ಬಂದವಳು ನೇರ ಭರಣಿಯ ಹತ್ತಿರ ಹೋಗಿ ಅದರ ಮೇಲೆ ಕೈ ಇಟ್ಟಳು.

"ಸರಿ ಮಾಡಿದ್ಯಾ? ಎರಡನೆ ಉಪ್ಪು ಬಿತ್ತಾ?"

"ಹಾಂ."

ಅವಳು ಬಟ್ಟೆಯ ಗಂಟಿಗೆ ಬೆರಳು ಹಾಕಿದ್ದಳು. ಅಷ್ಟರಲ್ಲಿ ಅಂಗಳದಿಂದ ಅಜ್ಜಿ, ಕಟ್ಟಿಗೆ ಎಲ್ಲ ನೆನಿತದೆ, ಯಾರಾದ್ರೂ ಬತ್ತಿರೋ ಇಲ್ಲೋ ಎಂದು ಕೂಗಿದಳು. ಆಯಿ ಗಂಟು ಬಿಟ್ಟು, ಭರಣಿಗೆ ಮಾಗಿರ್ ಎಂದು ಹೇಳಿ ಹೊರಗೆ ಹೋದಳು. ಕಟ್ಟಿಗೆ ಹಸಿ ಕೆಲಸವಾಗಿತ್ತು, ಭರಣಿಗೆ ಹೇಗೂ ಉಪ್ಪು ಬಿದ್ದಿತ್ತು. ಅವಳ ಲೆಕ್ಕದ ಪ್ರಕಾರ ಅದು ಸರಿಯೇ. ನಾನು ಕಂಬಕ್ಕೆ ಒರಗಿ ನಿಂತು, ಬದುಕಿದೆ ಎಂದುಕೊಂಡೆ.

ಆಷಾಢದ ಒಂದು ಮಧ್ಯಾಹ್ನ ಭರಣಿ ತೆರೆಯಿತು. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಗಿರಿಜಕ್ಕ ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಬಟ್ಟಲು ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಅಜ್ಜಿ ಒಲೆಯ ಕೆಂಡ ಮುಂದೆ ಎಳೆದು ಕೂತಿದ್ದಳು. ಆಯಿ ಗಂಟು ಬಿಚ್ಚುತ್ತಿದ್ದಂತೆ ವಾಸನೆ ಬಂತು. ಉಪ್ಪುಮೀನಿಗೆ ಅದರದೇ ವಾಸನೆ ಇರುತ್ತದೆ, ನಮಗೆಲ್ಲ ಹಸಿವು ಹುಟ್ಟಿಸುವ ವಾಸನೆ. ಇದು ಅದಲ್ಲ. ಗಿರಿಜಕ್ಕ ಸೆರಗು ಮೂಗಿಗೆ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದಳು. ಆಯಿ ಕಲ್ಲು ತೆಗೆದು, ಕೈ ಇಳಿಸಿ, ಒಂದು ಮೀನನ್ನು ಮೇಲೆತ್ತಿದಳು. ನಮಗೆಲ್ಲ ಬೆನ್ನು ಹಾಕಿ ಕೂತಿದ್ದಳು, ಆದ್ದರಿಂದ ಮೀನನ್ನು ನೋಡಿದ್ದು ಅವಳೊಬ್ಬಳೇ. ಹೆಬ್ಬೆರಳಿನಿಂದ ಅದರ ಹೊಟ್ಟೆಯನ್ನು ಒತ್ತಿ ನೋಡಿದ್ದು ನನಗೆ ಪಕ್ಕದಿಂದ ಕಂಡಿತು. ಮೀನನ್ನು ಹಾಗೇ ಒಳಗೆ ಬಿಟ್ಟು ಬಟ್ಟೆ ಮುಚ್ಚಿದಳು.

"ಏನಾಯ್ತು?" ಎಂದಳು ಅಜ್ಜಿ.

"ಕೆಟ್ಟದೆ ಅತ್ತೆ. ನಾ ಬಂದ ಮೇಲೆ ಒಂದ್ಸಲ ತೆಗ್ದು ನೋಡ್ಬೇಕಿತ್ತು. ಮಾಗಿರ್ ನೋಡ್ತೆ ಅಂದ್ಕಂಡಿ ಮರ್ತೆ."

ಅಜ್ಜಿ ಕೆಂಡವನ್ನು ಮತ್ತೆ ಒಲೆಯೊಳಗೆ ದೂಡಿದಳು. ಆಮೇಲೆ, ಗಿರಿಜಕ್ಕ ಅಲ್ಲೇ ನಿಂತಿದ್ದಾಗಲೇ, ಹೇಳಿದಳು.

"ತೌರಿಗೆ ಹೋದ್ರೆ ನಿಂಗೆ ಈ ಮನಿ ಮರ್ತೇ ಹೋತದೆ. ಎಂಟು ದಿನ ಅಂದಿ ಹೋದದ್ದು ಹದಿನೈದು ದಿನ ಮಾಡ್ಕಂಡಿ ಬಂದಿ. ಬಂದ ಮೇಲೂ ಮಾಗೀರು. ಇನ್ನ ಹೋಗೂದ ಸಾಕು. ನೂಲ ಹುಣ್ಣಿಮೆಗೂ ಬೇಡ, ಮುಂದಿನ ಬೇಸಗಿಗೂ ಬೇಡ."

ನೂಲ ಹುಣ್ಣಿಮೆ ಎಂದರೆ ಆಯಿಗೆ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ದಿನ ಮಾಜಾಳಿಯ ದಂಡೆಯಲ್ಲಿ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿ ನೀರಿಗೆ ಇಳಿಸುತ್ತಾರೆ. ಅವಳ ತೌರುಮನೆಯಲ್ಲಿ ದೋಣಿಯ ಮೂತಿಗೆ ಅರಿಸಿನ ಹಚ್ಚುವುದು ಮನೆಮಗಳ ಕೆಲಸ. ಆಯಿ ಒಬ್ಬಳೇ ಮಗಳು. ಮದುವೆಯಾದ ಮೇಲೂ ಒಂದು ವರ್ಷವೂ ಅದನ್ನು ತಪ್ಪಿಸಿರಲಿಲ್ಲ. ಅಪ್ಪ ಸಂಜೆ ಬಂದು ಸುದ್ದಿ ಕೇಳಿ, ತನ್ನ ಅಮ್ಮ ಹೇಳಿದ ಮೇಲೆ ಮುಗಿಯಿತು ಎಂಬಂತೆ ಗಂಜಿ ಉಂಡು ಎದ್ದ.

ಕೆಟ್ಟ ಮೀನನ್ನು ಆಯಿ ಮಳೆಯಲ್ಲೇ ತೆಂಗಿನ ಬುಡದಲ್ಲಿ ಹೊಂಡ ತೆಗೆದು ಹೂತಳು. ನಾನು ಕೊಡೆ ಹಿಡಿದು ನಿಂತಿದ್ದೆ. ಮಣ್ಣು ಮುಚ್ಚಿ, ಕಾಲಿನಿಂದ ಒತ್ತಿ, ಭರಣಿಯನ್ನು ಬಾವಿಕಟ್ಟೆಗೆ ತಂದು ಉಜ್ಜಲು ಕೂತಾಗ ಮಾತಾಡಿದಳು.

"ಹೊಟ್ಟೆ ಸೀಳಿರ್ಲಿಲ್ಲ."

ನಾನು ಕೊಡೆಯನ್ನು ಅವಳ ಕಡೆ ವಾಲಿಸಿದೆ.

"ಅತ್ತೆಗೆ ನಾ ಹೇಳೂದಿಲ್ಲ. ಅದು ನಿನ್ನ ಕೆಲಸ. ಆದ್ರೆ ಅದು ಹಸಿ ಕೆಲಸ ಮಗಳೇ. ಅದ್ಕೆ ಹಾಕೂಕೆ ಉಪ್ಪು ಇಲ್ಲ."

ಇಷ್ಟೇ. ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಅಂದು ಸಂಜೆಯೇ ಹೇಳುವುದೆಂದು ನಿಶ್ಚಯಿಸಿದೆ. ಸಂಜೆ ಅಜ್ಜಿಗೆ ಕೈನೋವು ಜಾಸ್ತಿಯಿತ್ತು. ಮರುದಿನ ಸೋಮವಾರ, ಅವಳ ಉಪವಾಸ, ಹಸಿದವಳಿಗೆ ಹೇಳಬಾರದು ಎಂದು ಬಿಟ್ಟೆ. ಅದರ ಮರುದಿನ ಗದ್ದೆಯ ನೆಟ್ಟಿ ಶುರುವಾಯಿತು. ಹೇಳದೆ ಇರುವುದಕ್ಕೆ ಪ್ರತಿದಿನವೂ ಒಂದು ಒಳ್ಳೆಯ ಕಾರಣ ಸಿಕ್ಕುತ್ತಿತ್ತು. ಪಾತ್ರೆ ತೊಳೆಯದಿರಲು ಸಿಕ್ಕುತ್ತಿದ್ದ ಕಾರಣಗಳಿಗಿಂತ ಅವು ಘನವಾಗಿದ್ದವು.

ವಿಚಿತ್ರವೆಂದರೆ, ಆ ಒಂದು ತಿಂಗಳಲ್ಲಿ ನನ್ನ ಸೋಮಾರಿತನ ಪೂರಾ ಬಿಟ್ಟುಹೋಯಿತು. ಅಜ್ಜಿಯ ಎದುರು ಸುಮ್ಮನೆ ಕೂತರೆ ಆ ಮಾತು ಬಾಯಿಯವರೆಗೆ ಬರುತ್ತಿತ್ತು, ಹಾಗಾಗಿ ಎದ್ದು ಏನಾದರೂ ಕೆಲಸ ಮಾಡುತ್ತಿದ್ದೆ. ಶಾಲೆಯಿಂದ ಬಂದ ಕೂಡಲೇ ಪಾತ್ರೆ ಮುಗಿಯುತ್ತಿತ್ತು. ಚಿಮಣಿಯ ಗಾಜನ್ನು ದಿನಕ್ಕೆ ಎರಡು ಸಲ ಒರೆಸುತ್ತಿದ್ದೆ. ಮಳೆಗಾಲದಲ್ಲಿ ಯಾರೂ ಕೈಹಾಕದ ಅಟ್ಟವನ್ನು ಗುಡಿಸಿದೆ, ಬಚ್ಚಲಿನ ಕಲ್ಲಿನ ಪಾಚಿಯನ್ನು ಚಿಪ್ಪಿನಿಂದ ಕೆರೆದೆ, ಉಪ್ಪಿನಕಾಯಿಯ ಜಾಡಿಗಳ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಇಟ್ಟೆ. ಅಷ್ಟು ಚೊಕ್ಕವಾಗಿ ಆ ಮನೆಯನ್ನು ನಾನು ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಒಂದು ಕೆಲಸವನ್ನು ಮಾಡದಿರಲು ಮನುಷ್ಯ ಉಳಿದ ಅಷ್ಟೂ ಕೆಲಸ ಮಾಡಿಯಾನು ಎಂದು ನನಗೆ ಹದಿಮೂರಕ್ಕೇ ಗೊತ್ತಾಯಿತು. ಇಂದಿಗೂ ಕಾರವಾರದ ನನ್ನ ಅಡಿಗೆಮನೆ ಅತಿಯಾಗಿ ಹೊಳೆಯುತ್ತಿದ್ದರೆ, ಯಾರಿಗೋ ಒಂದು 'ತಪ್ಪಾಯಿತು' ಬಾಕಿ ಇಟ್ಟಿದ್ದೇನೆ ಎಂದು ನನಗೇ ತಿಳಿಯುತ್ತದೆ.

ಅಜ್ಜಿಗೆ ಮಾತ್ರ ಸಂತೋಷವೋ ಸಂತೋಷ. ಗಿರಿಜಕ್ಕನಿಗೆ ಕೇಳುವಂತೆ, ಆಯಿಗೂ ಕೇಳುವಂತೆ ಹೇಳುತ್ತಿದ್ದಳು.

"ಹುಡ್ಗಿ ಸುಧಾರ್ಸ್ಕಂತು. ಆಯಿ ಗುಣ ಬರ್ಲಿಲ್ಲ, ಪುಣ್ಯ."

ಆ ಮಾತು ಕೇಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ಆಯಿ ತೆಂಗಿನಕಾಯಿ ತುರಿಯುತ್ತಾ ಇರುತ್ತಿದ್ದಳು, ಕೈ ನಿಲ್ಲುತ್ತಿರಲಿಲ್ಲ. ನನ್ನ ಕಡೆ ನೋಡುತ್ತಲೂ ಇರಲಿಲ್ಲ. ನೋಡಿದ್ದರೆ ನಾನು ಅಂದೇ ಹೇಳಿಬಿಡುತ್ತಿದ್ದೆನೋ ಏನೋ.

ಹುಣ್ಣಿಮೆಯ ಹಿಂದಿನ ದಿನ ಗಿರಿಜಕ್ಕನ ಮನೆಯ ಫೋನಿಗೆ ಮಾಮಾ ಕರೆ ಮಾಡಿದ್ದ. ಆಯಿಯ ಜತೆ ನಾನೂ ಹೋಗಿದ್ದೆ. ಆಯಿ ಬಹಳ ಹೊತ್ತು ಕೊಂಕಣಿಯಲ್ಲಿ ಮಾತಾಡಿದಳು. ಮಗು ಹೇಗಿದೆ, ಬಲೆ ಹೊಸದೇ, ಮಳೆ ಎಷ್ಟು. ಕೊನೆಗೆ ಮಾಮಾ ಏನೋ ಕೇಳಿರಬೇಕು. ಈ ಸಲ ಆಗುವುದಿಲ್ಲ, ಅತ್ತೆಗೆ ಕೈನೋವು, ಅರಿಸಿನವನ್ನು ಮಾಮಿಯೇ ಹಚ್ಚಲಿ ಎಂದಳು. ಫೋನಿನ ತಂತಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ವಾಪಸು ಬರುವಾಗ ಬೇಲಿಯ ಹತ್ತಿರ ಕೆಸರಿನಲ್ಲಿ ಚಪ್ಪಲಿ ಸಿಕ್ಕಿ ನಿಂತವಳ ಕಣ್ಣು ಒದ್ದೆಯಾಗಿತ್ತು. ಮಳೆ ಆಗ ನಿಂತಿತ್ತು, ಹಾಗಾಗಿ ಮಳೆನೀರು ಎಂದು ನನಗೆ ನಾನೇ ಹೇಳಿಕೊಳ್ಳಲೂ ಬರಲಿಲ್ಲ.

ಮರುದಿನ ಬೆಳಿಗ್ಗೆ ದೋಸೆ ತಿಂದು ಅಪ್ಪ ಗದ್ದೆಗೆ ಹೋದ. ಆಯಿ ಪಾತ್ರೆಗಳನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಬತ್ತಿ ಹೊಸೆಯುತ್ತಿದ್ದಳು. ನಾನು ಕಸಬರಿಗೆ ಹಿಡಿದು ಜಗಲಿಗೆ ಬಂದೆ. ಗುಡಿಸಿ ಆಗಿದ್ದ ಜಗಲಿಯನ್ನು ಇನ್ನೊಮ್ಮೆ ಗುಡಿಸಿದೆ. ಗೋಡೆಯ ಗಡಿಯಾರದಲ್ಲಿ ಎಂಟಕ್ಕೆ ಹತ್ತು ನಿಮಿಷ ಇತ್ತು. ಅಂಕೋಲೆಯಿಂದ ಕಾರವಾರಕ್ಕೆ ಎಂಟೂವರೆಗೆ ಬಸ್ಸು, ಕಾರವಾರದಿಂದ ಮಾಜಾಳಿಗೆ ಬಸ್ಸು ಬೇಕಾದಷ್ಟು. ಮಧ್ಯಾಹ್ನದ ಮೇಲೆ ದೋಣಿ ನೀರಿಗೆ ಇಳಿಯುತ್ತದೆ. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಹೇಳಿಯೂ ಪ್ರಯೋಜನವಿಲ್ಲ ಎಂದು ಆಗುತ್ತದೆ, ಆಗ ನಾನು ಹೇಳುವುದೇ ಬೇಡ. ಈ ಯೋಚನೆ ನನಗೆ ಸಮಾಧಾನ ಕೊಟ್ಟಿತು. ಸಮಾಧಾನವಾಯಿತು ಎಂದು ಗೊತ್ತಾದಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕಸಬರಿಗೆ ಕೈಯಲ್ಲಿರುವಾಗಲೇ ಹೇಳಿದೆ.

"ಅಜ್ಜಿ, ಮೀನು ಕೆಟ್ಟದ್ದು ಆಯಿಂದ ಅಲ್ಲ. ನಾ ಹೊಟ್ಟೆ ಸೀಳ್ಲಿಲ್ಲ."

"ಯಾರ ಹೊಟ್ಟೆ?" ಅಜ್ಜಿ ಬತ್ತಿ ಹೊಸೆಯುತ್ತಲೇ ಕೇಳಿದಳು.

"ಬಂಗಡೆದು. ಉಪ್ಪು ಉದುರ್ಸಿ ಇಟ್ಟು ಟೀವಿ ನೋಡೂಕೆ ಹೋದೆ. ಬರೂದ್ರೊಳಗೆ ಮೆತ್ತಗಾಗಿತ್ತು. ಹಂಗೇ ಇಡಿ ಇಡೀ ಭರಣಿಗೆ ಹಾಕ್ದೆ."

"ಎರಡನೆ ಉಪ್ಪು?"

"ಅದೂ ಸುಳ್ಳು. ನೀರು ಬಸೀದೇ ಒಂದು ಮುಷ್ಟಿ ಎಸ್ದೆ ಅಷ್ಟೇ."

ಅಜ್ಜಿಯ ಕೈ ನಿಂತಿತು.

"ನಿನ್ನ ಆಯಿಗೆ ಗೊತ್ತದ್ಯಾ?"

"ಭರಣಿ ತೆಗ್ದ ದಿನವೇ ಗೊತ್ತಾಯ್ತು. ನೀನೇ ಹೇಳು ಅಂದಿತ್ತು."

"ಅದು ಯಾವಾಗ?"

"ಅವತ್ತೇ. ತಿಂಗ್ಳ ಆಯ್ತು."

ಅಜ್ಜಿ ಹೊಸೆದ ಬತ್ತಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. ಮುಚ್ಚಳ ಹಾಕಲು ಬೆರಳು ಕೇಳಲಿಲ್ಲ. ನಾನು ಹಾಕಿಕೊಡಲು ಹೋದೆ, ಕೈ ತಳ್ಳಿದಳು. ಗೋಡೆ ಹಿಡಿದು ಎದ್ದು, ಒಳಗಿನ ಕೋಣೆ ದಾಟಿ, ಅಡಿಗೆಮನೆ ದಾಟಿ, ಹಿತ್ತಿಲ ಬಾಗಿಲಿಗೆ ಹೋಗಿ ನಿಂತಳು. ನಾನೂ ಹಿಂದೆ ಹೋದೆ. ಆಯಿ ಕಲ್ಲಿನ ಎದುರು ಕುಕ್ಕುರುಗಾಲಿನಲ್ಲಿ ಕೂತು ದೋಸೆಯ ಕಾವಲಿ ಉಜ್ಜುತ್ತಿದ್ದಳು.

"ಹೊಟ್ಟೆ ಸೀಳ್ದೇ ಇಟ್ಟದ್ದು ಇದಂತೆ."

ಆಯಿ ತಲೆ ಎತ್ತಿ ಮೊದಲು ನನ್ನನ್ನು ನೋಡಿದಳು, ಆಮೇಲೆ ಅಜ್ಜಿಯನ್ನು.

"ಹೌದು ಅತ್ತೆ."

"ಗಿರಿಜನ ಎದುರಿಗೆ ಅಷ್ಟು ಅಂದೆ ನಾನು. ಬಾಯಿ ಇರ್ಲಿಲ್ವಾ ನಿಂಗೆ?"

ಆಯಿ ಕಾವಲಿಯ ಮೇಲೆ ನೀರು ಸುರಿದಳು. ಅಜ್ಜಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ತಪ್ಪಾಯಿತು ಎನ್ನುವುದು ಅವಳ ಸಾಲಿನಲ್ಲಿ ಎಲ್ಲೂ ಬರುತ್ತಿರಲಿಲ್ಲ, ಆಗಲೂ ಬರಲಿಲ್ಲ.

"ಎಂಟೂವರೆ ಬಸ್ಸು ಸಿಕ್ತದಾ ಈಗ ಹೋದ್ರೆ?"

"ಪಾತ್ರೆ ಎಲ್ಲ ಹಂಗೇ ಅದೆ ಅತ್ತೆ. ಇಷ್ಟು ತೊಳ್ದು..."

"ಪಾತ್ರೆ ಮಾಗಿರ್," ಎಂದಳು ಅಜ್ಜಿ.

ಮೂಗಿನಿಂದ ಎಳೆಯಲಿಲ್ಲ. ಮಾಜಾಳಿಯಲ್ಲಿ ಹೇಗೆ ಹೇಳುತ್ತಾರೋ ಹಾಗೆ ಹೇಳಿದಳು. ಇಷ್ಟು ವರ್ಷ ಕೇಳಿ ಕೇಳಿ ಅದು ಅವಳಿಗೆ ಸರಿಯಾಗಿಯೇ ಬರುತ್ತಿತ್ತು. ಆಯಿಯ ಕೈಯಿಂದ ನಾರು ಜಾರಿ ಕಲ್ಲಿನ ಮೇಲೆ ಬಿತ್ತು. ಅವಳು ಎದ್ದು, ಕೈ ತೊಳೆದು, ಒಳಗೆ ಹೋಗಿ ಸೀರೆ ಬದಲಿಸಿ ಬರುವಷ್ಟರಲ್ಲಿ ಅಜ್ಜಿ ಕೊಟ್ಟಿಗೆಯ ಮೂಲೆಯಿಂದ ಒಂದು ತೆಂಗಿನಕಾಯಿ ಆರಿಸಿ ತಂದಿದ್ದಳು. ನಮ್ಮ ಮರದ್ದೂ ಒಂದು ನೀರಿಗೆ ಬಿಡು ಎಂದು ಅದನ್ನು ಆಯಿಯ ಚೀಲಕ್ಕೆ ಹಾಕಿದಳು.

ನಾನು ಆಗಲೇ ಕಲ್ಲಿನ ಎದುರು ಕೂತಿದ್ದೆ. ಆಯಿ ಚಪ್ಪಲಿ ಹಾಕಿಕೊಳ್ಳಲು ಹಿತ್ತಿಲಿಗೆ ಬಂದು ರಾಶಿಯನ್ನು ನೋಡಿದಳು. ಹಿಟ್ಟಿನ ಪಾತ್ರೆಯ ಅಂಚು ಒಣಗಿ ಬೆಳ್ಳಗಾಗಿತ್ತು.

"ಅದು ನೆನಿಲಿ ಮಗಳೇ. ಉಪ್ಪಿನ ಕೆಲಸ."

"ಇರ್ಲಿ, ಈಗ್ಲೇ ತೊಳಿತೆ."

ಅವಳು ಬೇಲಿ ದಾಟಿ ರಸ್ತೆಗೆ ಹೋದಳು, ಓಡಿದಂತೆ ನಡೆಯುತ್ತಿದ್ದಳು. ಹಿಟ್ಟು ಬಿಡಲು ಬಹಳ ಉಜ್ಜಬೇಕಾಯಿತು, ಉಗುರಿನಿಂದ ಕೆರೆಯಬೇಕಾಯಿತು. ಒಳಗೆ ಗಡಿಯಾರ ಎಂಟೂವರೆಯ ಒಂದು ಹೊಡೆತ ಹೊಡೆದಾಗ ಕೊನೆಯ ಲೋಟವನ್ನೂ ತೊಳೆದು ಕವುಚಿ ಇಟ್ಟಿದ್ದೆ.